ಡಿಮ್ ಸಮ್: ನಕ್ಷತ್ರ ಎಣಿಸುವ ಮೊದಲು ಅಡುಗೆಮನೆಯನ್ನು ವಿಚಾರಿಸಿ

ಪ್ರಶ್ನೆ: ಕೆಲಸದ ನಿಮಿತ್ತ ಕೆಲವು ವರ್ಷ ಹಾಂಗ್ ಕಾಂಗ್‌ನಲ್ಲಿದ್ದು ಡಿಮ್ ಸಮ್, ಅಂದರೆ ಚಹಾದ ಜೊತೆ ತಿನ್ನುವ ಪುಟ್ಟ ಪುಟ್ಟ ತಿಂಡಿಗಳ, ರುಚಿ ಹತ್ತಿಸಿಕೊಂಡೆ. ಈಗ ಬೇರೊಂದು ದೇಶದ ನಡುಗಾತ್ರದ ನಗರಕ್ಕೆ ಬಂದಿದ್ದೇನೆ. ಮೊಬೈಲ್ ನಕ್ಷೆಯಲ್ಲಿ ನಾಲ್ಕೂವರೆ ನಕ್ಷತ್ರ ಪಡೆದ ಮೂರು ರೆಸ್ಟೊರೆಂಟ್‌ಗಳಿಗೆ ಹೋದೆ. ಮೂರರಲ್ಲೂ ಒಂದೇ ರುಚಿ, ಹಲ್ಲಿಗೆ ಒಂದೇ ರಬ್ಬರು. ಹೊಸ ಊರಿನಲ್ಲಿ ಒಳ್ಳೆಯ ಜಾಗವನ್ನು ಪತ್ತೆ ಹಚ್ಚುವುದು ಹೇಗೆ? ನನ್ನ ಹೆಂಡತಿ ಮಾಂಸ, ಮೀನು ಎರಡನ್ನೂ ಮುಟ್ಟುವುದಿಲ್ಲ. ಅವಳನ್ನೂ ಕರೆದುಕೊಂಡು ಹೋಗಬಹುದೇ?

ಉತ್ತರ: ಮೂರು ಕಡೆಯೂ ಒಂದೇ ರುಚಿ ಎಂದು ಬರೆದಿದ್ದೀರಿ. ನಿಮ್ಮ ನಾಲಗೆಯಲ್ಲಿ ದೋಷವೇನೂ ಇಲ್ಲ. ಬಹುಮಟ್ಟಿಗೆ ಆ ಮೂರೂ ಅಡುಗೆಮನೆಗಳ ಹಿಂಬಾಗಿಲಿಗೆ ಒಬ್ಬನೇ ಸಗಟು ವ್ಯಾಪಾರಿಯ ವಾಹನ ಬರುತ್ತಿರಬೇಕು. ಕಾರ್ಖಾನೆಯಲ್ಲಿ ಮಾಡಿ, ಹೆಪ್ಪುಗಟ್ಟಿಸಿ, ಪೆಟ್ಟಿಗೆಗಟ್ಟಲೆ ಮಾರುವ ಡಿಮ್ ಸಮ್ ಈಗ ಎಲ್ಲ ಖಂಡಗಳಲ್ಲೂ ಸಿಗುತ್ತದೆ. ಬಿದಿರಿನ ಬುಟ್ಟಿಗೆ ಹಾಕಿ ಹಬೆ ಹಾಯಿಸಿದರೆ ಮೇಜಿನ ಮೇಲೆ ಅದೂ ಚಂದವಾಗಿಯೇ ಕಾಣುತ್ತದೆ. ಗಿರಾಕಿ ಫೋಟೊ ತೆಗೆಯುತ್ತಾನೆ, ಬಡಿಸಿದವರು ನಗುಮುಖದವರಾಗಿದ್ದರೆ ಐದು ನಕ್ಷತ್ರ ಒತ್ತಿ ಮನೆಗೆ ಹೋಗುತ್ತಾನೆ. ಆ ನಕ್ಷತ್ರದಲ್ಲಿ ನಗುಮುಖದ ಪಾಲೆಷ್ಟು, ಹಿಟ್ಟಿನ ಪಾಲೆಷ್ಟು ಎಂದು ಬಿಡಿಸಿ ನೋಡುವ ಉಪಾಯ ನಿಮಗಿಲ್ಲ.

ಹೊಸ ಊರಿಗೆ ಹೋದಾಗ ನಾನು ಮೊದಲು ವಿಚಾರಿಸುವುದು ಒಂದೇ ಸಂಗತಿ: ಇಲ್ಲಿ ಡಿಮ್ ಸಮ್ ಮಾಡುವುದಕ್ಕೆಂದೇ ಸಂಬಳ ಪಡೆಯುವ ಬಾಣಸಿಗರು ಯಾವ ಅಡುಗೆಮನೆಯಲ್ಲಿದ್ದಾರೆ? ಇದು ಯಾಕೆ ಇಷ್ಟು ಮುಖ್ಯ ಎಂದರೆ, ಕ್ಯಾಂಟೊನೀಸ್, ಅಂದರೆ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯ, ಅಡುಗೆಮನೆಯಲ್ಲಿ ಡಿಮ್ ಸಮ್ ಒಂದು ಪ್ರತ್ಯೇಕ ಇಲಾಖೆ. ಬಾಣಲೆ ಹಿಡಿದು ಹುರಿಯುವವನಿಗೂ ಇದಕ್ಕೂ ಸಂಬಂಧವಿಲ್ಲ. ಹೂರಣ ಕಲಸುವವರು ಒಬ್ಬರು, ಹಿಟ್ಟು ನಾದಿ ಮಡಿಸುವವರು ಇನ್ನೊಬ್ಬರು, ಹಬೆಯ ಮುಂದೆ ನಿಲ್ಲುವವರು ಮತ್ತೊಬ್ಬರು. ಅಕ್ಕಿ ಹಾಳೆ ಎತ್ತುವವರು, ಕರಿಯುವವರು, ಬೇಕ್ ಮಾಡುವವರು ಬೇರೆಯೇ. ಬೆಳಕು ಹರಿಯುವ ಮೊದಲೇ ಇವರ ಕೆಲಸ ಶುರುವಾಗುತ್ತದೆ. ಇಷ್ಟೆಲ್ಲ ಮಾಡಿ ಬುಟ್ಟಿಯಲ್ಲಿ ಬರುವುದು ಮೂರೋ ನಾಲ್ಕೋ ತುಂಡು. ಅದರ ಬೆಲೆಯೂ ಹೆಚ್ಚಿಡುವಂತಿಲ್ಲ, ಏಕೆಂದರೆ ಜನರ ಮನಸ್ಸಿನಲ್ಲಿ ಇದು ವಾರವಾರವೂ ತಿನ್ನುವ ತಿಂಡಿ. ಲೆಕ್ಕ ಕೂಡಬೇಕಾದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಮೇಜುಗಳು ಎರಡು ಮೂರು ಸಲ ತುಂಬಿ ಖಾಲಿಯಾಗಬೇಕು. ಹಾಗೆ ತುಂಬಿಸುವಷ್ಟು ಜನ, ಅದೂ ವ್ಯತ್ಯಾಸ ಬಲ್ಲ ಜನ, ಇರುವ ಕಡೆ ಮಾತ್ರ ಮಾಲೀಕನಿಗೆ ಬಾಣಸಿಗರನ್ನು ಇಟ್ಟುಕೊಳ್ಳುವುದು ಗಿಟ್ಟುತ್ತದೆ. ಉಳಿದ ಕಡೆ ಪೆಟ್ಟಿಗೆಯೇ ಗತಿ.

ದೊಡ್ಡ ಸಭಾಂಗಣದಂಥ ರೆಸ್ಟೊರೆಂಟ್‌ಗಳಲ್ಲಿ ಡಿಮ್ ಸಮ್ ಹೆಚ್ಚಾಗಿ ಚೆನ್ನಾಗಿರುವುದಕ್ಕೂ ಇದೇ ಕಾರಣ. ಅವುಗಳ ನಿಜವಾದ ಆದಾಯ ರಾತ್ರಿಯ ಮದುವೆ ಊಟ, ಹುಟ್ಟುಹಬ್ಬದ ಔತಣ. ಹಗಲು ಖಾಲಿ ಬಿದ್ದಿರುವ ಅದೇ ಅಂಗಣವನ್ನು ಡಿಮ್ ಸಮ್ ತುಂಬಿಸುತ್ತದೆ. ಬಾಡಿಗೆಯ ಭಾರ ಎರಡು ಹೆಗಲಿಗೆ ಹಂಚಿಹೋಗುತ್ತದೆ. ನ್ಯೂಯಾರ್ಕ್‌ನ ಚೈನಾಟೌನ್‌ನಲ್ಲಿದ್ದ ಜಿಂಗ್ ಫಾಂಗ್ ಇದಕ್ಕೆ ಒಳ್ಳೆಯ ಉದಾಹರಣೆ: ಸುಮಾರು 800 ಜನ ಕೂರಬಹುದಾಗಿದ್ದ ಅದರ ಎಲಿಜಬೆತ್ ಬೀದಿಯ ಸಭಾಂಗಣ ಸಾಂಕ್ರಾಮಿಕದ ಹೊಡೆತಕ್ಕೆ 2021ರಲ್ಲಿ ಮುಚ್ಚಿತು. ಆಮೇಲೆ ಅದು ಬೇರೆ ಬೀದಿಯಲ್ಲಿ ಚಿಕ್ಕದಾಗಿ ಮತ್ತೆ ತೆರೆಯಿತು. ಔತಣಗಳು ನಿಂತರೆ ಹಗಲಿನ ಬುಟ್ಟಿಗಳೂ ನಿಲ್ಲುತ್ತವೆ. ಆದ್ದರಿಂದ ನಿಮ್ಮ ನಗರದಲ್ಲಿ ಚೀನೀ ಮದುವೆಗಳು ಎಲ್ಲಿ ನಡೆಯುತ್ತವೆ ಎಂದು ಕೇಳುವುದು ಮೊದಲ ಕೇಳ್ವಿಗೆ ಹುಚ್ಚುತನದಂತೆ ಕಂಡರೂ ಬಹಳ ಕೆಲಸಕ್ಕೆ ಬರುವ ವಿಚಾರಣೆ.

ಮುಂದಿನದು ಜನರ ಜಾಡು. 'ಚೈನೀಸ್' ಎಂಬ ಫಲಕವನ್ನು ನಂಬಿ ಒಳಗೆ ನುಗ್ಗಬೇಡಿ. ಡಿಮ್ ಸಮ್ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ್ದು. ಗ್ವಾಂಗ್‌ಝೌ ನಗರದ ಚಹಾ ಮನೆಗಳಲ್ಲಿ ಬೆಳೆದು ಹಾಂಗ್ ಕಾಂಗ್‌ನಲ್ಲಿ ಪಳಗಿದ್ದು. ಸಿಚುವಾನ್‌ನಿಂದ ಬಂದ ಅಡುಗೆಯವನಿಗೆ ಅದು ಎಷ್ಟು ಪರಕೀಯವೋ ಬೀಜಿಂಗ್‌ನವನಿಗೂ ಅಷ್ಟೇ. ಇಟಲಿ, ಸ್ಪೇನ್‌ಗಳಲ್ಲಿ ನೆಲೆಸಿದ ಚೀನೀಯರಲ್ಲಿ ಹೆಚ್ಚಿನವರು ಝೆಜಿಯಾಂಗ್ ಪ್ರಾಂತ್ಯದ ವೆನ್‌ಝೌ ಸುತ್ತಮುತ್ತಲಿನವರು. ಇಟಲಿಯ ಪ್ರಾಟೊ ಪಟ್ಟಣದಲ್ಲಿ ಚೀನೀಯರು ಬೇಕಾದಷ್ಟಿದ್ದಾರೆ, ಆದರೆ ಹಾಂಗ್ ಕಾಂಗ್‌ನ ಬೆಳಗಿನ ಚಹಾ ಅವರ ಮನೆಯ ರೂಢಿಯಲ್ಲ. ಪ್ಯಾರಿಸ್‌ನ 13ನೇ ವಿಭಾಗದಲ್ಲಿ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್ ದಾಟಿ ಬಂದ ತಿಯೋಚ್ಯೂ ಎಂಬ ಇನ್ನೊಂದು ಚೀನೀ ಸಮುದಾಯದ ಮೂಲದವರೇ ಹೆಚ್ಚು, ಅವರ ಅಡುಗೆಯ ಜಾಡೇ ಬೇರೆ. ಬ್ರಿಟನ್, ನೆದರ್ಲೆಂಡ್ಸ್‌ಗಳಿಗೆ ಹಾಂಗ್ ಕಾಂಗ್‌ನ ಗ್ರಾಮಾಂತರದವರು 1950-60ರ ದಶಕಗಳಿಂದಲೇ ಬಂದು ರೆಸ್ಟೊರೆಂಟ್ ನಡೆಸಿದರು. ಯುರೋಪಿನಲ್ಲಿ ಡಿಮ್ ಸಮ್‌ಗೆ ಲಂಡನ್, ಮ್ಯಾಂಚೆಸ್ಟರ್, ರೋಟರ್‌ಡ್ಯಾಮ್ ಕಡೆ ಮುಖ ಮಾಡಬೇಕಾಗಿರುವುದು ಅದರಿಂದಲೇ.

ಇತಿಹಾಸದ ಎರಡು ಇಸವಿಗಳನ್ನು ನೆನಪಿಟ್ಟುಕೊಂಡರೆ ನಕ್ಷೆ ಅರ್ಧ ಬಿಡಿಸಿದಂತೆ. 1997ರಲ್ಲಿ ಹಾಂಗ್ ಕಾಂಗ್ ಚೀನಾದ ಆಡಳಿತಕ್ಕೆ ಮರಳಿತು. ಅದಕ್ಕೆ ಮುಂಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಅಲ್ಲಿನ ಮಧ್ಯಮ ವರ್ಗದ ಬಹಳಷ್ಟು ಕುಟುಂಬಗಳು ಕೆನಡಾ, ಆಸ್ಟ್ರೇಲಿಯಾಗಳಿಗೆ ಗುಳೆ ಹೊರಟವು. ಅವರ ಹಿಂದೆಯೇ ಅವರ ಬಾಣಸಿಗರೂ ಹೊರಟರು. ವ್ಯಾಂಕೂವರ್ ಪಕ್ಕದ ರಿಚ್‌ಮಂಡ್, ಟೊರಾಂಟೊ ಅಂಚಿನ ಸ್ಕಾರ್ಬರೊ, ಮಾರ್ಕಮ್, ರಿಚ್‌ಮಂಡ್ ಹಿಲ್ ಇವತ್ತಿಗೂ ಏಷ್ಯಾದ ಹೊರಗಿನ ಅತ್ಯುತ್ತಮ ಡಿಮ್ ಸಮ್ ತಾಣಗಳು ಎಂಬುದು ನನ್ನ ಅಭಿಪ್ರಾಯ. ಸಿಡ್ನಿಯ ಚಾಟ್ಸ್‌ವುಡ್, ಹರ್ಸ್ಟ್‌ವಿಲ್, ಮೆಲ್ಬರ್ನ್‌ನ ಬಾಕ್ಸ್ ಹಿಲ್, ಗ್ಲೆನ್ ವೇವರ್ಲಿ ಕೂಡ ಇದೇ ಸಾಲಿನವು. ಎರಡನೆಯ ಇಸವಿ 2021. ಆ ವರ್ಷದ ಜನವರಿ 31ರಿಂದ ಬ್ರಿಟನ್ ಹಾಂಗ್ ಕಾಂಗ್‌ನವರಿಗಾಗಿ ವಿಶೇಷ ವೀಸಾ ತೆರೆಯಿತು. ಹೀಗೆ ಬಂದವರು ಲಂಡನ್‌ನ ಹಳೆಯ ಚೈನಾಟೌನ್‌ಗೆ ಮುಗಿಬೀಳಲಿಲ್ಲ. ಒಳ್ಳೆಯ ಶಾಲೆಗಳಿರುವ ಸಟನ್, ರೆಡಿಂಗ್, ಮ್ಯಾಂಚೆಸ್ಟರ್‌ನ ಹೊರವಲಯದಂಥ ಜಾಗಗಳಲ್ಲಿ ಮನೆ ಮಾಡಿದರು. ಹಳೆಯ ಪ್ರವಾಸಿ ಕೈಪಿಡಿಗಳಲ್ಲಿ ಈ ಊರುಗಳ ಹೆಸರು ಹುಡುಕಿದರೂ ಸಿಗದು.

ಇದರಿಂದ ಹೊರಡುವ ಸೂಚನೆ ಏನೆಂದರೆ, ನಗರ ಮಧ್ಯದ ಚೈನಾಟೌನ್ ನಿಮ್ಮ ಮೊದಲ ನಿಲ್ದಾಣ ಆಗಬೇಕಿಲ್ಲ. ಬಾಡಿಗೆ ಏರಿದೆ, ಹಳೆಯ ಕುಟುಂಬಗಳು ಹೊರವಲಯಕ್ಕೆ ಹೋಗಿವೆ, ಕೆಂಪು ಕಮಾನಿನ ಕೆಳಗೆ ಓಡಾಡುವವರು ಬಹುಪಾಲು ಪ್ರವಾಸಿಗರು. ಪ್ರವಾಸಿ ಮರಳಿ ಬರುವವನಲ್ಲ, ಅವನ ಮುನಿಸು ಮಾಲೀಕನಿಗೆ ತಟ್ಟುವುದಿಲ್ಲ. ಹೊರವಲಯದ ಅಜ್ಜಿ ಮುಂದಿನ ಭಾನುವಾರ ಬರದಿದ್ದರೆ ಅವಳ ಹಿಂದೆ ಹನ್ನೆರಡು ಜನರ ಮೇಜು ಬರುವುದಿಲ್ಲ. ಇದಕ್ಕೆ ಅಪವಾದಗಳು ಇವೆ, ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನ್‌ನಲ್ಲಿ ಇಂದಿಗೂ ಕ್ಯಾಂಟೊನೀಸ್ ಮಾತಾಡುವ ವೃದ್ಧರು ತುಂಬಿದ್ದಾರೆ. ಆದರೆ ಅಲ್ಲೂ ದೊಡ್ಡ ಭೋಜನಶಾಲೆಗಳನ್ನು ಹುಡುಕಿಕೊಂಡು ಜನ ಡೇಲಿ ಸಿಟಿ, ಮಿಲ್‌ಬ್ರೆ ಕಡೆಗೆ ಕಾರು ಓಡಿಸುತ್ತಾರೆ.

ಇನ್ನು ಹುಡುಕುವ ವಿಧಾನ. ಮೊಬೈಲ್‌ನಲ್ಲಿ ಇಂಗ್ಲಿಷಿನಲ್ಲಿ 'ಡಿಮ್ ಸಮ್' ಎಂದು ಹುಡುಕಿದರೆ ಇಂಗ್ಲಿಷ್ ಬಲ್ಲ ಗಿರಾಕಿಗಳು ಮೆಚ್ಚಿದ ಜಾಗ ಬರುತ್ತದೆ. 'ಯಮ್ ಚಾ', ಅಂದರೆ ಚಹಾ ಕುಡಿಯುವುದು, ಎಂಬುದನ್ನು ಚೀನೀ ಲಿಪಿಯಲ್ಲಿ, ಅದೂ ಹಾಂಗ್ ಕಾಂಗ್‌ನಲ್ಲಿ ಬಳಸುವ ಸಾಂಪ್ರದಾಯಿಕ ಲಿಪಿಯಲ್ಲಿ ಪರಿವರ್ತಿಸಿಕೊಂಡು ನಕ್ಷೆಯಲ್ಲಿ ಹಾಕಿ ನೋಡಿ. ಪಟ್ಟಿಯೇ ಬದಲಾಗುತ್ತದೆ. ಬಂದ ಹೆಸರುಗಳನ್ನು ಒತ್ತಿ, ಅಭಿಪ್ರಾಯಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿಕೊಂಡು ಕಳೆದ ಆರು ತಿಂಗಳದ್ದನ್ನು ಮಾತ್ರ ಓದಿ. ಬಾಣಸಿಗರು ಕೆಲಸ ಬದಲಿಸುತ್ತಲೇ ಇರುತ್ತಾರೆ, ಮೂರು ವರ್ಷದ ಹಿಂದಿನ ಹೊಗಳಿಕೆ ಈಗ ಬೇರೆ ಬೀದಿಯಲ್ಲಿರುವ ಮನುಷ್ಯನಿಗೆ ಸೇರಿದ್ದು. ಚೀನೀ ಭಾಷೆಯಲ್ಲಿ ಬರೆದ ಅಭಿಪ್ರಾಯಗಳನ್ನು ಯಂತ್ರಾನುವಾದದಲ್ಲಾದರೂ ಓದಿ. ಅವರು 'ಅದ್ಭುತ' ಎನ್ನುವುದು ಕಡಿಮೆ. ಸಿಗಡಿ ಗರಿಗರಿಯಾಗಿಲ್ಲ, ಕಡುಬಿನ ಹಾಳೆ ದಪ್ಪ, ಚಹಾಕ್ಕೆ ಬಿಸಿ ನೀರು ತುಂಬಲು ಮೂರು ಸಲ ಕೂಗಬೇಕಾಯಿತು ಎಂದು ದೂರುತ್ತಾರೆ. ಇಂಥ ನಿರ್ದಿಷ್ಟ ದೂರುಗಳಿರುವ, ಆದರೂ ಜನ ಮತ್ತೆ ಮತ್ತೆ ಹೋಗುವ, ಮೂರೂವರೆ ನಕ್ಷತ್ರದ ಜಾಗವನ್ನು ನಾನು ನಾಲ್ಕೂವರೆಯದಕ್ಕಿಂತ ಮೊದಲು ಪರೀಕ್ಷಿಸುತ್ತೇನೆ. ಚೀನೀ ವಿದ್ಯಾರ್ಥಿಗಳು ಹೆಚ್ಚಿರುವ ಊರಾದರೆ ಚೀನೀಯರು ಫೋಟೊ, ಅನುಭವ ಹಂಚಿಕೊಳ್ಳುವ ಶಿಯಾವೊಹೊಂಗ್‌ಶು ಆ್ಯಪ್‌ನಲ್ಲಿ ಊರಿನ ಹೆಸರು ಹಾಕಿ ನೋಡುವುದೂ ಒಳ್ಳೆಯದು.

ಫೋಟೊಗಳಲ್ಲಿ ಬುಟ್ಟಿಯನ್ನು ನೋಡಬೇಡಿ, ಬುಟ್ಟಿಯ ಹಿಂದೆ ಕಾಣುವ ಮೇಜುಗಳನ್ನು ನೋಡಿ. ದುಂಡು ಮೇಜು, ಒಂದೇ ಮೇಜಿನಲ್ಲಿ ಮೂರು ತಲೆಮಾರು, ಎರಡು ಚಹಾ ಕುಡಿಕೆ, ಪತ್ರಿಕೆ ಓದುತ್ತಾ ಒಬ್ಬರೇ ಕುಳಿತ ಮುದುಕರು ಕಂಡರೆ ಸರಿ. ಎಲ್ಲ ಮೇಜಿನಲ್ಲೂ ಇಬ್ಬಿಬ್ಬರು, ಬಣ್ಣದ ಕಾಕ್‌ಟೇಲ್, ಮಂದ ದೀಪ ಕಂಡರೆ ಅದು ಬೇರೆ ಬಗೆಯ ಸಂಜೆಗೆ ಹೇಳಿ ಮಾಡಿಸಿದ ಜಾಗ.

ಆದರೆ ಯಾವ ಆ್ಯಪ್‌ಗಿಂತಲೂ ಖಚಿತವಾದ ಮೂಲ ಇನ್ನೊಂದಿದೆ. ಗಾಜಿನ ಹಿಂದೆ ಹೊಳೆಯುವ ಬಾತುಕೋಳಿಗಳನ್ನು ಕೊಕ್ಕೆಗೆ ತೂಗುಹಾಕಿದ ಕ್ಯಾಂಟೊನೀಸ್ ಸುಟ್ಟ ಮಾಂಸದ ಅಂಗಡಿಯನ್ನು ಪತ್ತೆ ಮಾಡಿ. ಅಲ್ಲಿ ಕತ್ತಿ ಹಿಡಿದು ನಿಂತವರು ಅದೇ ಕಸುಬಿನ ಬಳಗದವರು. ಊರಿನ ಯಾವ ಅಡುಗೆಮನೆಯಲ್ಲಿ ಯಾರಿದ್ದಾರೆ, ಯಾರು ಬಿಟ್ಟು ಹೋದರು ಎಂಬುದೆಲ್ಲ ಅವರ ಕಿವಿಗೆ ಬಿದ್ದಿರುತ್ತದೆ. ಜನಸಂದಣಿ ಇಲ್ಲದ ಹೊತ್ತಿನಲ್ಲಿ ಹೋಗಿ, ಏನಾದರೂ ಕೊಂಡು, ಆಮೇಲೆ ಮಾತು ತೆಗೆಯಿರಿ. 'ಇಲ್ಲಿ ಒಳ್ಳೆಯ ಡಿಮ್ ಸಮ್ ಎಲ್ಲಿ?' ಎಂದು ಕೇಳಿದರೆ ವಿದೇಶಿಗೆ ಹಿಡಿಸುತ್ತದೆ ಎಂದು ಅವರು ಊಹಿಸಿದ ಜಾಗವನ್ನು ಹೇಳುತ್ತಾರೆ. 'ಭಾನುವಾರ ನಿಮ್ಮ ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?' ಎಂದು ಕೇಳಿ. ಉತ್ತರದಲ್ಲಿ ಬರುವ ಹೆಸರೇ ಬೇರೆ. ಹಾಂಗ್ ಕಾಂಗ್‌ನಲ್ಲಿದ್ದಾಗ ನಾಲ್ಕು ಕ್ಯಾಂಟೊನೀಸ್ ಮಾತು ಕಲಿತಿದ್ದರೆ ಇಲ್ಲಿ ಬಳಸಿ, ಉಚ್ಚಾರ ತಪ್ಪಿದರೂ ಅವರ ಮುಖ ಅರಳುತ್ತದೆ.

ರೆಸ್ಟೊರೆಂಟ್‌ಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಕೈಪಿಡಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಹಾಂಗ್ ಕಾಂಗ್‌ನ ಮಾಂಗ್ ಕಾಕ್‌ನಲ್ಲಿ 2009ರಲ್ಲಿ ಶುರುವಾದ ಟಿಮ್ ಹೋ ವಾನ್, ಮರುವರ್ಷದ ಮಿಶೆಲಿನ್ ಕೈಪಿಡಿಯಲ್ಲಿ ಒಂದು ನಕ್ಷತ್ರ ಪಡೆದು ಜಗತ್ತಿನ ಅತಿ ಅಗ್ಗದ ನಕ್ಷತ್ರದ ರೆಸ್ಟೊರೆಂಟ್ ಎಂದು ಹೆಸರಾಯಿತು. ಅದನ್ನು ಕಟ್ಟಿದ ಮಾಕ್ ಕ್ವಾಯ್ ಪುಯಿ ಅದಕ್ಕೆ ಮುಂಚೆ ಫೋರ್ ಸೀಸನ್ಸ್ ಹೋಟೆಲಿನ ಲುಂಗ್ ಕಿಂಗ್ ಹೀನ್‌ನಲ್ಲಿ ಡಿಮ್ ಸಮ್ ಬಾಣಸಿಗರಾಗಿದ್ದವರು. ಈಗ ಅದೇ ಫಲಕ ಹಲವು ದೇಶಗಳಲ್ಲಿ ತೂಗುತ್ತಿದೆ, ಕಂಪನಿ ಫಿಲಿಪ್ಪೀನ್ಸ್‌ನ ಜಾಲಿಬೀ ಸಮೂಹದ ಕೈಯಲ್ಲಿದೆ. ಬೇಕ್ ಮಾಡಿದ ಅವರ ಹಂದಿಮಾಂಸದ ಬನ್ ಬೇರೆ ದೇಶಗಳಲ್ಲೂ ತಿನ್ನುವಂತಿರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಕ್ಷತ್ರ ಕೊಟ್ಟದ್ದು ಒಂದು ಅಂಗಡಿಗೆ, ಒಂದು ವರ್ಷಕ್ಕೆ. ಫಲಕಕ್ಕೆ ಅಂಟಿಕೊಂಡು ಅದು ಸಾಗರ ದಾಟುವುದಿಲ್ಲ.

ಹೆಸರು ಕೈಗೆ ಸಿಕ್ಕ ಮೇಲೆ ಮೊದಲ ಭೇಟಿಗೆ ಯಾವಾಗ ಹೋಗಬೇಕು? ಶನಿವಾರ ಅಥವಾ ಭಾನುವಾರ, ಬೆಳಿಗ್ಗೆ ಬಾಗಿಲು ತೆರೆದ ಅರ್ಧ ಗಂಟೆಯೊಳಗೆ. ಹನ್ನೊಂದಾದರೆ ಚೀಟಿ ಹಿಡಿದು ಬಾಗಿಲಲ್ಲಿ ಕಾಯಬೇಕು. ಮಧ್ಯಾಹ್ನ ಎರಡರ ಮೇಲೆ ಹೋದರೆ ಬಾಣಸಿಗರು ಮೇಜು ಒರೆಸುತ್ತಿರುತ್ತಾರೆ, ಉಳಿದದ್ದು ನಿಮ್ಮ ಪಾಲಿಗೆ. ದಿನವಿಡೀ, ರಾತ್ರಿ ಹನ್ನೊಂದರವರೆಗೆ ಡಿಮ್ ಸಮ್ ಸಿಗುತ್ತದೆ ಎಂದು ಬರೆದುಕೊಂಡಿದ್ದರೆ ಕೆನಡಾ, ಬ್ರಿಟನ್‌ನಂಥ ಕಡೆ ನಾನು ಹುಬ್ಬೇರಿಸುತ್ತೇನೆ. ಸಿಂಗಪುರದಲ್ಲಿ ಈ ನಿಯಮ ನಡೆಯದು, ಅಲ್ಲಿ ರಾತ್ರಿಯ ಡಿಮ್ ಸಮ್ ಬೇರೂರಿದ ರೂಢಿ. ಹಾಂಗ್ ಕಾಂಗ್‌ನಲ್ಲೇ ಕೆನಡಿ ಟೌನ್‌ನ ಸನ್ ಹಿಂಗ್ ಬೆಳಗಿನ ಜಾವ 3 ಗಂಟೆಗೆ ಬಾಗಿಲು ತೆರೆಯುವುದಕ್ಕೆ ಹೆಸರುವಾಸಿ. ಸ್ಥಳೀಯರೇ ಆ ಹೊತ್ತಿನಲ್ಲಿ ತಿನ್ನುತ್ತಾರೆಯೇ ಎಂಬುದನ್ನು ನೋಡಿದರೆ ಸಾಕು.

ತಳ್ಳುಗಾಡಿಯ ಮೋಹವನ್ನೂ ಸ್ವಲ್ಪ ಬಿಡಬೇಕು. ಗಾಡಿ ಬರುವುದು, ಮುಚ್ಚಳ ಎತ್ತುವುದು, ಬೆರಳು ತೋರುವುದು, ಮೇಜಿನ ಚೀಟಿಗೆ ಮುದ್ರೆ ಬೀಳುವುದು, ಇದರ ಸಂಭ್ರಮವೇ ಬೇರೆ, ಒಪ್ಪುತ್ತೇನೆ. ಅಂಗಣ ಕಿಕ್ಕಿರಿದಿದ್ದು ಗಾಡಿ ಐದು ನಿಮಿಷದಲ್ಲಿ ಖಾಲಿಯಾಗುವಂತಿದ್ದರೆ ಅದರಷ್ಟು ಸುಖ ಇನ್ನೊಂದಿಲ್ಲ. ಅರೆ ಖಾಲಿ ಅಂಗಣದಲ್ಲಿ ಅದೇ ಬುಟ್ಟಿ ನಾಲ್ಕು ಸುತ್ತು ತಿರುಗಿ ನಿಮ್ಮ ಮುಂದೆ ನಿಲ್ಲುವಾಗ ಸಿಗಡಿಯ ಕಡುಬು ತನ್ನ ಹೊರ ಹಾಳೆಯನ್ನು ಬುಟ್ಟಿಯ ಕಾಗದಕ್ಕೆ ಬಿಟ್ಟುಕೊಟ್ಟಿರುತ್ತದೆ. ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡುವ ಪಟ್ಟಿಯ ಪದ್ಧತಿ ನೀರಸ ನಿಜ, ಆದರೆ ಬುಟ್ಟಿ ಹಬೆಯಿಂದ ನೇರ ನಿಮ್ಮ ಮೇಜಿಗೆ ಬರುತ್ತದೆ. ಅನುಮಾನವಿದ್ದಾಗ ನಾನು ಪೆನ್ಸಿಲಿನ ಪಕ್ಷ.

ಕುಳಿತ ಕೂಡಲೇ ಮೊದಲ ಪರೀಕ್ಷೆ ತಾನಾಗಿಯೇ ನಡೆಯುತ್ತದೆ. 'ಯಾವ ಚಹಾ?' ಎಂದು ಕೇಳುತ್ತಾರೋ ಇಲ್ಲವೋ ನೋಡಿ. ಒಳ್ಳೆಯ ಮನೆಯಲ್ಲಿ ಪಟ್ಟಿ ಕೈಗೆ ಬರುವ ಮೊದಲು ಈ ಪ್ರಶ್ನೆ ಬರುತ್ತದೆ. ಕ್ಯಾಂಟೊನೀಸರು ಪೋ ಲೇ ಎನ್ನುವ ಕಪ್ಪನೆಯ ಪು-ಎರ್ ಚಹಾ ಕೊಬ್ಬಿನ ತಿಂಡಿಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಅದಕ್ಕೆ ಸೇವಂತಿಗೆ ಸೇರಿಸಿದರೆ ಗುಕ್ ಪೋ. ಮಲ್ಲಿಗೆಯ ಪರಿಮಳದ್ದು, ಬಿಳಿ ಚಹಾದ ಸಾವ್ ಮೇಯ್, ಊಲಾಂಗ್ ಜಾತಿಯ ಟಿಟ್ ಗುನ್ ಯಾಮ್ ಕೂಡ ಸಾಮಾನ್ಯವಾಗಿ ಇರುತ್ತವೆ. ಏನೂ ಕೇಳದೆ ದಾರ ನೇತಾಡುವ ಚಹಾ ಪೊಟ್ಟಣ ಮುಂದಿಟ್ಟರೆ ನಿರೀಕ್ಷೆಯನ್ನು ತಗ್ಗಿಸಿಕೊಳ್ಳಿ. ಬಿಲ್ಲಿನಲ್ಲಿ ತಲೆಗಿಷ್ಟು ಎಂದು ಚಹಾ ಶುಲ್ಕ ಕಂಡರೆ ಜಗಳಕ್ಕೆ ಹೋಗಬೇಡಿ, ಅದು ಹಳೆಯ ಪದ್ಧತಿ.

ಮೊದಲ ಸಲ ತರಿಸಬೇಕಾದವುಗಳಲ್ಲಿ ಹಾರ್ ಗಾವ್ ತಪ್ಪಿಸಬೇಡಿ. ಸಿಗಡಿ ತುಂಬಿದ ಈ ಪಾರದರ್ಶಕ ಕಡುಬಿನಲ್ಲಿ ಅಡುಗೆಮನೆ ಏನನ್ನೂ ಬಚ್ಚಿಡಲಾರದು. ಅದರ ಹಾಳೆ ಮಾಡುವುದು ಮಾಮೂಲು ಗೋಧಿ ಹಿಟ್ಟಿನಿಂದಲ್ಲ, ಅಂಟಿನಂಶ ತೊಳೆದು ತೆಗೆದ ಗೋಧಿ ಪಿಷ್ಟದಿಂದ. ಹಿಗ್ಗುವ ಗುಣಕ್ಕಾಗಿ ಮರಗೆಣಸಿನಂಥ ಬೇರೊಂದು ಪಿಷ್ಟವನ್ನೂ ಸೇರಿಸುತ್ತಾರೆ. ಕುದಿಯುವ ನೀರು ಸುರಿದು ನಾದಿದ ಈ ಹಿಟ್ಟನ್ನು ಎಣ್ಣೆ ಸವರಿದ ಅಗಲ ಕತ್ತಿಯ ಬದಿಯಿಂದ ಒತ್ತಿ, ತಿರುಗಿಸಿ ಹಾಳೆ ಮಾಡುತ್ತಾರೆ. ಅಂಟಿಲ್ಲದ ಹಿಟ್ಟು ಎಳೆದರೆ ಹರಿಯುತ್ತದೆ, ಆರಿದರೆ ಬಿರಿಯುತ್ತದೆ, ದಪ್ಪವಾದರೆ ಹಲ್ಲಿಗಂಟುತ್ತದೆ. ಸಂಪ್ರದಾಯದ ಲೆಕ್ಕದಲ್ಲಿ ಕನಿಷ್ಠ 7, ಪಳಗಿದ ಕೈಯಾದರೆ 10ಕ್ಕೂ ಹೆಚ್ಚು ಮಡಿಕೆ ಇರಬೇಕು ಎನ್ನುತ್ತಾರೆ. ಮಡಿಕೆ ಎಣಿಸುತ್ತಾ ಕೂರಬೇಡಿ, ಯಂತ್ರವೂ ಮಡಿಕೆ ಹಾಕುತ್ತದೆ. ನೋಡಬೇಕಾದದ್ದು ಇಷ್ಟು: ಹಾಳೆಯ ಮೂಲಕ ಸಿಗಡಿಯ ಗುಲಾಬಿ ಬಣ್ಣ ಕಾಣಬೇಕು. ಕಡ್ಡಿಯಲ್ಲಿ ಎತ್ತಿದಾಗ ತಳ ಹರಿಯಬಾರದು. ಕಚ್ಚಿದರೆ ಸಿಗಡಿ ಮುದ್ದೆಯಾಗಿರದೆ ತುಂಡಾಗಿ ಸಿಗಬೇಕು, ಹಲ್ಲಿನಡಿ ಟಕ್ಕನೆ ಮುರಿಯಬೇಕು. ಬುಟ್ಟಿ ಬಂದ ಎರಡು ಮೂರು ನಿಮಿಷದಲ್ಲಿ ತಿಂದುಬಿಡಿ. ಮಾತಾಡುತ್ತಾ ಆರಿಸಿಕೊಂಡು ಆಮೇಲೆ ಅಡುಗೆಯವನನ್ನು ಬೈಯುವುದು ನ್ಯಾಯವಲ್ಲ.

ಹಾರ್ ಗಾವ್‌ಗಿಂತಲೂ ನಾನು ಹೆಚ್ಚು ನಂಬುವುದು ಚ್ಯೂಂಗ್ ಫನ್ ಅನ್ನು. ಅಕ್ಕಿಯ ತೆಳು ಹಿಟ್ಟನ್ನು ಬಟ್ಟೆಯ ಮೇಲೋ ತಟ್ಟೆಯ ಮೇಲೋ ಹುಯ್ದು, ಹಬೆಯಲ್ಲಿ ಬೇಯಿಸಿ, ಕೆರೆದು ಸುರುಳಿ ಸುತ್ತಿ, ಸಿಹಿಯಾದ ಸೋಯಾ ರಸ ಹನಿಸಿ ಕೊಡುತ್ತಾರೆ. ಇದನ್ನು ಹೆಪ್ಪುಗಟ್ಟಿಸಿದರೆ ರೇಷ್ಮೆಯ ಗುಣ ಹೊರಟುಹೋಗುತ್ತದೆ, ಆದ್ದರಿಂದ ಮಾಡಿದರೆ ಆಗಲೇ ಮಾಡಬೇಕು. ಚೆನ್ನಾದ ಚ್ಯೂಂಗ್ ಫನ್ ಬಂದಿತೆಂದರೆ ಆ ಅಡುಗೆಮನೆಯಲ್ಲಿ ಹಬೆಯ ಮುಂದೆ ಒಬ್ಬ ಮನುಷ್ಯ ನಿಂತಿದ್ದಾನೆ ಎಂಬುದು ಖಾತ್ರಿ. ಹಾಳೆ ತೆಳ್ಳಗೆ, ಕಡ್ಡಿ ತಾಗಿದರೆ ನಡುಗುವಂತೆ ಇರಬೇಕು. ದಪ್ಪನಾಗಿ, ಪದರ ಪದರಕ್ಕೂ ಅಂಟಿಕೊಂಡು, ಅಂಚು ಒಣಗಿ ಬಂದರೆ ಬೆಳಿಗ್ಗೆಯೇ ಮಾಡಿಟ್ಟು ಮತ್ತೆ ಬಿಸಿ ಮಾಡಿದ್ದು. ಗರಿಗರಿ ಕರಿದ ಹಿಟ್ಟಿನ ಕಡ್ಡಿಯನ್ನು ಒಳಗಿಟ್ಟು ಸುತ್ತಿದ ಝಾ ಲ್ಯೂಂಗ್ ಪಟ್ಟಿಯಲ್ಲಿದ್ದರೆ ಅದನ್ನೇ ತರಿಸಿ: ಹೊರಗಿನ ಹಾಳೆ ಮೆತ್ತಗೂ ಒಳಗಿನದು ಇನ್ನೂ ಗರಿಯಾಗಿಯೂ ಇರಬೇಕಾದರೆ ಅಡುಗೆಮನೆಯಿಂದ ಮೇಜಿಗೆ ಓಡಿಯೇ ಬಂದಿರಬೇಕು.

ಉಳಿದವನ್ನು ಬೇಗ ಮುಗಿಸುತ್ತೇನೆ. ಬಾಯಿ ತೆರೆದ ಕಡುಬಾದ ಸಿಯು ಮಾಯ್‌ನಲ್ಲಿ ಹಂದಿಮಾಂಸ ಕೈಯಲ್ಲಿ ಕೊಚ್ಚಿದಂತಿರಬೇಕು, ನುಣ್ಣಗೆ ಅರೆದ ಮುದ್ದೆಯಾದರೆ ಅದು ಯಂತ್ರದ್ದು. ಸುಟ್ಟ ಹಂದಿಮಾಂಸ ತುಂಬಿ ಹಬೆಯಲ್ಲಿ ಬೇಯಿಸಿದ ಬನ್, ಚಾರ್ ಸಿಯು ಬಾವ್‌ನ ನೆತ್ತಿ ತಾನಾಗಿ ಅರಳಿ ಬಿರಿದಿರಬೇಕು. ಮೂಲಂಗಿಯ ಬಿಲ್ಲೆಯಾದ ಲೋ ಬಾಕ್ ಗೋ ಹೊರಗೆ ಕಂದಾಗಿ, ಒಳಗೆ ಮೂಲಂಗಿಯ ಎಳೆ ಸಿಗುವಂತಿರಬೇಕು, ಬರೀ ಹಿಟ್ಟಾಗಬಾರದು. ಮೊಟ್ಟೆಯ ಟಾರ್ಟ್ ಬೆಚ್ಚಗೆ ಬಂದರೆ ಮಾತ್ರ ತಿನ್ನಲು ಯೋಗ್ಯ. ಕೋಳಿ ಕಾಲು ನಿಮಗೆ ಇಷ್ಟವೋ ಇಲ್ಲವೋ, ಅಕ್ಕಪಕ್ಕದ ಮೇಜಿನವರು ತರಿಸುತ್ತಿದ್ದಾರೆಯೇ ಎಂದು ಕಣ್ಣು ಹಾಯಿಸಿ. ಕರಿದು, ನೆನೆಸಿ, ಬೇಯಿಸಿ, ಮತ್ತೆ ಹಬೆಯಲ್ಲಿಡುವ ಅಷ್ಟು ಕೆಲಸ ಅದರಲ್ಲಿದೆ. ಎಲ್ಲವನ್ನೂ ಒಟ್ಟಿಗೆ ತರಿಸಬೇಡಿ. ಇಬ್ಬರಿಗೆ ಮೂರು ಬುಟ್ಟಿ ಮೊದಲು, ಅವು ಮುಗಿಯುತ್ತಾ ಬಂದಾಗ ಇನ್ನೆರಡು. ಪಟ್ಟಿಯ ಗಾತ್ರವನ್ನೂ ಗಮನಿಸಿ. ಹದಿನೈದು ಮೇಜಿನ ಅಂಗಡಿಯಲ್ಲಿ ನೂರಿಪ್ಪತ್ತು ಬಗೆಯ ಡಿಮ್ ಸಮ್, ಜೊತೆಗೆ ಸುಶಿ, ಥಾಯ್ ಸಾರು ಇದ್ದರೆ ಅಲ್ಲಿ ಅಡುಗೆಮನೆಗಿಂತ ಶೀತಲ ಪೆಟ್ಟಿಗೆ ದೊಡ್ಡದು. ಒಳಗೆ ಸಾರು ತುಂಬಿದ ಶಾಂಘೈ ಕಡೆಯ ಕಡುಬು ಶಿಯಾವೊ ಲಾಂಗ್ ಬಾವ್ ಒಂದು ಪಟ್ಟಿಯಲ್ಲಿದ್ದರೆ ಗಾಬರಿಯಾಗಬೇಕಿಲ್ಲ, ಅದು ಈಗ ಎಲ್ಲ ಕಡೆ ನುಸುಳಿದೆ. ಅದನ್ನೇ ಮುಂದಿಟ್ಟುಕೊಂಡು ಡಿಮ್ ಸಮ್ ಎಂದು ಮೆರೆಸುವ ಜಾಗ ಬೇರೆ ಪರಂಪರೆಯದು.

ಬಡಿಸುವವರು ಸಿಡುಕುತ್ತಾರೆ ಎಂದು ದೂರು ಬರೆಯುವವರನ್ನು ಕಂಡರೆ ನನಗೆ ನಗು. ಭಾನುವಾರ ಹನ್ನೊಂದು ಗಂಟೆಗೆ ನಾನೂರು ಜನಕ್ಕೆ ಬಿಸಿ ಬುಟ್ಟಿ ಮುಟ್ಟಿಸುವವರಿಗೆ ಕುಶಲೋಪರಿಗೆ ಬಿಡುವಿಲ್ಲ. ಕುಡಿಕೆ ಖಾಲಿಯಾದರೆ ಮುಚ್ಚಳವನ್ನು ಓರೆಯಾಗಿ ತೆರೆದಿಡಿ, ನೀರು ತಾನಾಗಿ ಬರುತ್ತದೆ. ಯಾರಾದರೂ ನಿಮ್ಮ ಬಟ್ಟಲಿಗೆ ಚಹಾ ಸುರಿದರೆ ಎರಡು ಬೆರಳಿನಿಂದ ಮೇಜನ್ನು ಮೆಲ್ಲನೆ ತಟ್ಟಿ. ಕ್ವಿಯಾನ್‌ಲಾಂಗ್ ಚಕ್ರವರ್ತಿ ವೇಷ ಮರೆಸಿಕೊಂಡು ತಿರುಗುವಾಗ ತನ್ನ ಸೇವಕನಿಗೇ ಚಹಾ ಸುರಿದನಂತೆ, ಬಹಿರಂಗವಾಗಿ ಸಾಷ್ಟಾಂಗ ಬೀಳಲಾರದ ಸೇವಕ ಬೆರಳು ಮಡಿಸಿ ನಮಸ್ಕರಿಸಿದನಂತೆ. ಕಥೆ ಕಥೆಯೇ, ಆದರೆ ಬಾಯಿ ತುಂಬಿರುವಾಗ ಉಪಕಾರ ಸ್ಮರಿಸಲು ಇದಕ್ಕಿಂತ ಅನುಕೂಲದ ಉಪಾಯವಿಲ್ಲ.

ಈಗ ನಿಮ್ಮ ಹೆಂಡತಿಯವರ ವಿಷಯ. ಇಲ್ಲಿ ಸಿಹಿ ಮಾತು ಹೇಳುವುದಿಲ್ಲ: ಮಾಮೂಲು ಡಿಮ್ ಸಮ್ ಮನೆ ಸಸ್ಯಾಹಾರಿಗೆ ಕಷ್ಟದ ಜಾಗ. ಹೆಸರು ನೋಡಿ ಮೋಸ ಹೋಗುವುದು ಸುಲಭ. ಮೂಲಂಗಿಯ ಲೋ ಬಾಕ್ ಗೋದಲ್ಲಿ ಒಣ ಸಿಗಡಿ, ಚೀನೀ ಸಾಸೇಜ್ ಇರುತ್ತವೆ. ಕೆಸುವಿನ ಗೆಡ್ಡೆಯ ಗರಿ ವಡೆಯೊಳಗೆ ಹಂದಿಮಾಂಸ. ಮೊಟ್ಟೆ ಟಾರ್ಟಿನ ಹೊರಕವಚಕ್ಕೆ, ಕೆಲವು ಸಿಹಿ ಹೂರಣಗಳಿಗೆ ಹಂದಿ ಕೊಬ್ಬು ಹಾಕುವ ರೂಢಿ ಇದೆ. ಹಾರ್ ಗಾವ್‌ನ ಸಿಗಡಿಯ ಜೊತೆಗೂ ಕೊಬ್ಬಿನ ಚೂರು ಸೇರಿಸುವವರಿದ್ದಾರೆ. ಹಂದಿಮಾಂಸ ಮಾತ್ರ ಬೇಡ ಎನ್ನುವವರೂ ಇದನ್ನು ತಿಳಿದಿರಬೇಕು. ಎಳ್ಳಿನ ಉಂಡೆಯನ್ನು ಸಿಗಡಿ ಕರಿದ ಎಣ್ಣೆಯಲ್ಲೇ ಕರಿದಿರಬಹುದು. ಏನೂ ತುಂಬದ, ಎಳ್ಳು ಉದುರಿಸಿ ಸಿಹಿ ರಸ, ಎಳ್ಳಿನ ರಸ ಸುರಿದು ಕೊಡುವ ಚ್ಯೂಂಗ್ ಫನ್ ತಕ್ಕಮಟ್ಟಿಗೆ ನಿರಾತಂಕ, ರಸದಲ್ಲಿ ಏನಿದೆ ಎಂದು ಕೇಳಿಕೊಂಡರಾಯಿತು. ಬೇಯಿಸಿದ ಗಾಯ್ ಲಾನ್ ಸೊಪ್ಪನ್ನು ಸಿಂಪಿ ರಸವಿಲ್ಲದೆ ಕೊಡಿ ಎಂದು ಹೇಳಬೇಕು, ಆ ರಸ ಕಡಲ ಸಿಂಪಿಯಿಂದಲೇ ಮಾಡಿದ್ದು. 'ತರಕಾರಿ' ಎಂದರೆ ಮಾಂಸದ ಸಾರು ನಡೆಯುತ್ತದೆ ಎಂದುಕೊಳ್ಳುವ ಅಡುಗೆಯವರು ಎಲ್ಲ ಕಡೆ ಇದ್ದಾರೆ. ಬೌದ್ಧರು ವ್ರತದ ದಿನ ತಿನ್ನುವ ಊಟಕ್ಕೆ ಕ್ಯಾಂಟೊನೀಸ್‌ನಲ್ಲಿ 'ಝಾಯ್' ಎನ್ನುತ್ತಾರೆ. ಆ ಪದವನ್ನೇ ಬಳಸಿ, ಮಾತಿನ ತೂಕ ಬದಲಾಗುತ್ತದೆ.

ಇದಕ್ಕಿಂತ ನೆಮ್ಮದಿಯ ದಾರಿ ಬೌದ್ಧ ಸಸ್ಯಾಹಾರಿ ರೆಸ್ಟೊರೆಂಟ್. ದೊಡ್ಡ ಕ್ಯಾಂಟೊನೀಸ್ ವಸತಿ ಇರುವ ನಗರಗಳಲ್ಲಿ ಒಂದಾದರೂ ಇರುವ ಸಂಭವ ಹೆಚ್ಚು. ನ್ಯೂಯಾರ್ಕ್‌ನ ಮಾಟ್ ಬೀದಿಯ ಬುದ್ಧ ಬೋಧೈ ಪೂರ್ತಿ ಸಸ್ಯಾಹಾರಿ, ಯಹೂದಿಗಳ ಕೋಷರ್ ಆಹಾರ ನಿಯಮಗಳನ್ನೂ ಪಾಲಿಸುತ್ತದೆ. ಅಲ್ಲಿನ ಡಿಮ್ ಸಮ್‌ನಲ್ಲಿ ಸಿಗಡಿಯ ಜಾಗಕ್ಕೆ ಬೇರೇನೋ ಬಂದಿರುತ್ತದೆ. ಚಾಂದ್ರಮಾನದ ತಿಂಗಳ 1 ಮತ್ತು 15ನೇ ದಿನ ಬಹಳ ಬೌದ್ಧರು ಮಾಂಸ ಬಿಡುತ್ತಾರೆ, ಆ ದಿನಗಳಲ್ಲಿ ಇಂಥ ಜಾಗಗಳು ತುಂಬಿ ತುಳುಕುತ್ತವೆ, ತಿಂಡಿಯೂ ತಾಜಾ ಇರುತ್ತದೆ. ಇದೇ ಬಗೆಯ ವಿಚಾರಣೆ ಮಾಡುವ ಮುಸ್ಲಿಂ ಓದುಗರೂ ಇರುತ್ತಾರೆ: ಹಾಂಗ್ ಕಾಂಗ್‌ನ ವಾನ್ ಚಾಯ್‌ನಲ್ಲಿ ಮಸೀದಿಯ ಕಟ್ಟಡದೊಳಗಿನ ಇಸ್ಲಾಮಿಕ್ ಸೆಂಟರ್ ಕ್ಯಾಂಟೀನ್ ಹಲಾಲ್ ಡಿಮ್ ಸಮ್‌ಗೆ ಹೆಸರಾದದ್ದು.

ಇಷ್ಟೆಲ್ಲ ಮಾಡಿಯೂ ನಿಮ್ಮ ನಡುಗಾತ್ರದ ನಗರದಲ್ಲಿ ಡಿಮ್ ಸಮ್ ಬಾಣಸಿಗರೇ ಇಲ್ಲ ಎಂದು ತಿಳಿದುಬರಬಹುದು. ಅದು ಸಾಧ್ಯ, ಜನಸಂಖ್ಯೆ ಸಾಲದಿದ್ದರೆ ಯಾರು ತಾನೆ ಇಟ್ಟುಕೊಳ್ಳುತ್ತಾರೆ? ಆಗ ಎರಡು ಕೆಲಸ ಮಾಡಿ. ರೈಲಿನ ದಾರಿಯಲ್ಲಿರುವ ದೊಡ್ಡ ನಗರದ ಒಂದು ಒಳ್ಳೆಯ ಜಾಗವನ್ನು ಮೇಲಿನ ಕ್ರಮದಲ್ಲಿ ಗೊತ್ತು ಮಾಡಿಕೊಂಡು, ಆರೆಂಟು ಜನರ ಗುಂಪು ಕಟ್ಟಿಕೊಂಡು ಹೋಗಿ. ಇಬ್ಬರೇ ಹೋದರೆ ಐದು ಬುಟ್ಟಿಗೆ ಹೊಟ್ಟೆ ತುಂಬುತ್ತದೆ, ಎಂಟು ಜನರಾದರೆ ಇಡೀ ಪಟ್ಟಿಯನ್ನು ಸುತ್ತಿ ಬರಬಹುದು. ಉಳಿದ ದಿನಗಳಿಗೆ, ರೆಸ್ಟೊರೆಂಟಿನವರು ಕೊಳ್ಳುವ ಅದೇ ಪೆಟ್ಟಿಗೆಯನ್ನು ಚೀನೀ ಸೂಪರ್ ಮಾರ್ಕೆಟ್‌ನಲ್ಲಿ ನೀವೇ ಕೊಂಡುಬಿಡಿ. ಸಿಯು ಮಾಯ್, ಬನ್‌ಗಳು ಹೆಪ್ಪುಗಟ್ಟಿದರೂ ಅಷ್ಟಾಗಿ ಕೆಡುವುದಿಲ್ಲ, ಹಾರ್ ಗಾವ್ ಹಾಳೆಗೇ ಪೆಟ್ಟು ಹೆಚ್ಚು. ಕರಗಿಸಲು ಹೊರಗಿಡಬೇಡಿ, ಹಾಳೆ ಒದ್ದೆಯಾಗಿ ಹರಿಯುತ್ತದೆ. ನೀರು ಭರ್ರನೆ ಕುದಿಯುವಾಗ ಎಣ್ಣೆ ಸವರಿದ ಕಾಗದ ಅಥವಾ ಕೋಸಿನ ಎಲೆಯ ಮೇಲೆ ಒಂದಕ್ಕೊಂದು ತಾಗದಂತೆ ನೇರವಾಗಿ ಇಡಿ. ಬಿದಿರಿನ ಬುಟ್ಟಿಯಾದರೆ ಒಳ್ಳೆಯದು, ಹಬೆಯ ಹನಿಯನ್ನು ಮುಚ್ಚಳವೇ ಹೀರಿಕೊಳ್ಳುತ್ತದೆ. ಲೋಹದ ಪಾತ್ರೆಯಾದರೆ ಮುಚ್ಚಳಕ್ಕೆ ಬಟ್ಟೆ ಕಟ್ಟಿ. ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ ಒಂದು ನಿಮಿಷ ಮೊದಲು ಒಂದನ್ನು ಬಿಡಿಸಿ ನೋಡಿ, ನಡು ಬೆಂದಿದ್ದರೆ ಒಲೆ ಆರಿಸಿ.